ಬೂದಿ ಬಣ್ಣದ ಲೆಫ್ಟಿನೆಂಟ್

ಲವೋನಿಯಾ ಟಿಬ್ಸ್ ಕೂತದ್ದನ್ನು ಕಂಡವರು ಅಟ್ಲಾಂಟಾದ ಆ ಬಡಾವಣೆಯಲ್ಲಿ ಕಡಿಮೆ. ವಾರದ ದಿನಗಳಲ್ಲಿ ಆಕೆ ಕ್ಯಾಸ್ಕೇಡ್ ರಸ್ತೆಯ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಬೇರೆಯವರ ಪ್ಯಾಂಟಿನ ಅಂಚು ಮಡಚುತ್ತಾಳೆ, ಮದುವೆಯ ಗೌನಿನ ಸೊಂಟ ಸಡಿಲಿಸುತ್ತಾಳೆ. ಹೊಲಿಗೆ ಯಂತ್ರದ ಮುಂದೆ ಸ್ಟೂಲು ಇದೆ. ಅದರ ಮೇಲೆ ಯಾವಾಗಲೂ ದಾರದ ಉಂಡೆಗಳೇ ಕೂತಿರುತ್ತವೆ. ಭಾನುವಾರ ನ್ಯೂ ಬೆತ್ಸೈದಾ ಬ್ಯಾಪ್ಟಿಸ್ಟ್ ಚರ್ಚಿನ ನಡುಬಾಗಿಲ ಪಕ್ಕ ನಿಲ್ಲುತ್ತಾಳೆ. ಅಲ್ಲಿ ಆಕೆಯದು ಬಾಗಿಲ ಸೇವೆ.

ಬಾಗಿಲ ಸೇವೆ ಎಂದರೆ ಬಂದವರಿಗೆ ಕೈಮುಗಿದು ನಗುವ ಕೆಲಸ ಎಂದು ತಿಳಿದವರು ಆ ಚರ್ಚಿಗೆ ಹೋದವರಲ್ಲ. ಎಡಗೈ ಮುಷ್ಟಿ ಕಟ್ಟಿ ಬೆನ್ನ ಹಿಂದೆ ಇರಬೇಕು, ಬಾಯಿಗೆ ಬೀಗ ಬಿದ್ದಿರಬೇಕು, ಹೇಳುವುದನ್ನೆಲ್ಲ ಬಿಳಿ ಗವಸು ತೊಟ್ಟ ಬಲಗೈ ಹೇಳಬೇಕು. ಬೆರಳುಗಳನ್ನು ಎತ್ತಿದರೆ ಅಷ್ಟು ಜಾಗ ಖಾಲಿ ಇದೆ ಎಂದು. ಅಂಗೈ ಎತ್ತಿದರೆ ಇದ್ದಲ್ಲೇ ನಿಲ್ಲು ಎಂದು. ಪ್ರಾರ್ಥನೆಯ ಹೊತ್ತಿನಲ್ಲಿ ಆ ಅಂಗೈ ಮೇಲಿದ್ದರೆ ಊರಿನ ಮೇಯರ್ ಬಂದರೂ ಹೊರಗೇ ಕಾಯಬೇಕು. ಗಮ್ ಜಗಿಯುವ ಹುಡುಗಿ, ತೂಕಡಿಸುವ ತಾತ, ಬೆಂಚಿನ ಕೆಳಗೆ ತೆವಳುವ ಮಗು, ಎಲ್ಲರನ್ನೂ ಆ ಕೈ ಹುಡುಕಿಕೊಂಡು ಬರುತ್ತದೆ. ಕಪ್ಪು ಜನರ ಅಂಥ ಚರ್ಚುಗಳಲ್ಲಿ ಬೆಳೆದವರು ದೊಡ್ಡವರಾಗಿ ಪಾದ್ರಿಯ ಪ್ರಸಂಗಗಳನ್ನೆಲ್ಲ ಮರೆತಿರಬಹುದು, ಆ ಕೈಯನ್ನು ಮರೆತವರಿಲ್ಲ. ಇನ್ನೊಂದು ಕಟ್ಟಳೆ: ಸೇವೆಯಲ್ಲಿರುವಾಗ ಕೂರುವಂತಿಲ್ಲ. ಕೊನೆಯ ಆಶೀರ್ವಾದ ಮುಗಿದು ಜನ ಹೊರಬಿದ್ದ ಮೇಲೆ ಬೇಕಾದರೆ ಕೂರಬಹುದು. ಅಷ್ಟು ಹೊತ್ತಿಗೆ ಲವೋನಿಯಾಗೆ ಮನೆಗೆ ಹೋಗುವ ಆತುರ.

ಬಾಗಿಲ ಸೇವೆಯ ಸಮವಸ್ತ್ರ ಹಿಂದೆ ಬಿಳಿಯದಿತ್ತು. ಬದಲಾಯಿಸೋಣ ಎಂಬ ಮಾತು ಬಂದಾಗ ಒಬ್ಬರು ನೀಲಿ ಎಂದರು, ಇನ್ನೊಬ್ಬರು ನೇರಳೆ ಎಂದರು. ಲವೋನಿಯಾ ಬೂದಿ ಬಣ್ಣಕ್ಕೆ ಹಠ ಹಿಡಿದು, ಎಲ್ಲರಿಗೂ ತಾನೇ ಹೊಲಿದುಕೊಡುವುದಾಗಿ ಹೇಳಿ ಗೆದ್ದಳು. ಅಷ್ಟು ಹೆಂಗಸರಿಗೆ ಪುಕ್ಕಟೆ ಹೊಲಿದುಕೊಡುವಂಥ ಮೋಹ ಆ ಮಂಕು ಬಣ್ಣದಲ್ಲಿ ಏನಿದೆಯೆಂದು ಯಾರಿಗೂ ತಿಳಿಯಲಿಲ್ಲ. ಆಕೆ ಹೇಳಲೂ ಇಲ್ಲ.

ಕಾರಣ ಬಹಳ ಹಿಂದಿನದು. ಲವೋನಿಯಾ ಚಿಕ್ಕವಳಿದ್ದಾಗ ಟಿವಿಯಲ್ಲಿ ಒಬ್ಬ ಕಪ್ಪು ಮನುಷ್ಯ ಕಾಣಿಸಿಕೊಂಡರೆ ಅದೊಂದು ಸುದ್ದಿ. ನೋಡಿದವರು ತಕ್ಷಣ ಫೋನಿನ ಹತ್ತಿರ ಓಡಿ ಅಕ್ಕನಿಗೆ, ಅತ್ತೆಗೆ, ಎದುರುಮನೆಯವರಿಗೆ ತಿಳಿಸಬೇಕು. ಅದು ಆ ಬೀದಿಯ ಪದ್ಧತಿ. "ಟಿವಿ ಹಾಕು, ಟಿವಿ ಹಾಕು, ನಮ್ಮೋರು ಬಂದಿದಾರೆ!" ಎಂದು ಕೂಗಿ ಫೋನಿಟ್ಟು ಮುಂದಿನ ಮನೆಯ ನಂಬರು ತಿರುಗಿಸುವುದು. ಆಗಿನ ಟಿವಿಗಳೋ, ಬಿಸಿಯಾಗಿ ಚಿತ್ರ ಮೂಡುವುದಕ್ಕೇ ಅರ್ಧ ಕೀರ್ತನೆಯ ಹೊತ್ತು ಬೇಕು. ಚಿತ್ರ ಮೂಡಿದಾಗ ನಮ್ಮವರು ಟ್ರೇ ಹಿಡಿದು ಬಂದು, ಕಾಫಿ ಕೊಟ್ಟು, ಬಾಗಿಲು ಹಾಕಿಕೊಂಡು ಹೋಗಿಬಿಟ್ಟಿರುತ್ತಿದ್ದರು. ಖಾಲಿ ಬಾಗಿಲನ್ನು ನೋಡುತ್ತ ಲವೋನಿಯಾಳ ತಂದೆ ಹೇಳುತ್ತಿದ್ದರು, "ಈ ಸಲಾನೂ ತಪ್ಪಿಸ್ಕೊಂಡ್ರು."

ಹೀಗೆ ತಪ್ಪಿಸಿಕೊಳ್ಳದೆ ನಿಂತವಳು ಲೆಫ್ಟಿನೆಂಟ್ ಮಡೀನಾ ಒಬ್ಬಳೇ. 'ಹನ್ನೆರಡನೆಯ ಕಕ್ಷೆ' ಎಂಬ ಧಾರಾವಾಹಿಯಲ್ಲಿ ಒಂದು ಆಕಾಶನೌಕೆಯಿತ್ತು. ಅದರೊಳಗೆ ಬಿಳಿಯ ಕ್ಯಾಪ್ಟನ್, ಬಿಳಿಯ ವೈದ್ಯ, ಬೇರೆ ಗ್ರಹದ ವಿಜ್ಞಾನಿ. ಅವರ ಹಿಂದೆ, ಹೊರಬಾಗಿಲಿನ ಪಕ್ಕ, ನೆಟ್ಟಗೆ ನಿಂತ ಮಡೀನಾ. ಕಪ್ಪು ಮುಖ, ಎತ್ತಿ ಕಟ್ಟಿದ ಕೂದಲು, ಬಿಳಿ ಗವಸು. ವಾರ ವಾರವೂ ಬರುತ್ತಿದ್ದಳು, ಕೊನೆಯವರೆಗೂ ಇರುತ್ತಿದ್ದಳು. ಪಾತ್ರೆ ತೊಳೆಯಲಿಲ್ಲ, ಯಾರ ಮಗುವನ್ನೂ ಆಡಿಸಲಿಲ್ಲ, ಪೊಲೀಸರಿಗೆ ಸಿಕ್ಕಿಬೀಳಲಿಲ್ಲ. ಕ್ಯಾಪ್ಟನ್ ಕೇಳಿದಾಗ "ಬಾಗಿಲು ಭದ್ರ, ಕ್ಯಾಪ್ಟನ್" ಎನ್ನುತ್ತಿದ್ದಳು. ಅವಳಿಗಿದ್ದದ್ದು ಹೆಚ್ಚುಕಡಿಮೆ ಅದೊಂದೇ ಮಾತು. ಆ ರಾತ್ರಿಗಳಲ್ಲಿ ಬೀದಿಯಲ್ಲಿ ಯಾರೂ ಫೋನು ಮಾಡುತ್ತಿರಲಿಲ್ಲ. ಎಲ್ಲರ ಟಿವಿಯೂ ಮೊದಲೇ ಬಿಸಿಯಾಗಿರುತ್ತಿತ್ತು.

ಮಕ್ಕಳೆಲ್ಲ ಹಿತ್ತಲಲ್ಲಿ ಆಕಾಶನೌಕೆ ಆಡಿದರು. ಕ್ಯಾಪ್ಟನ್ ಆಗಲು ಹುಡುಗರು ಕಿತ್ತಾಡಿದರೆ ಹುಡುಗಿಯರು ಮಡೀನಾ ಆಗಲು ಜಡೆ ಹಿಡಿದು ಜಗಳವಾಡಿದರು. ಧಾರಾವಾಹಿ ಒಂದೇ ವರ್ಷಕ್ಕೆ ನಿಂತುಹೋಯಿತು. ಮರುವರ್ಷ ಚರ್ಚಿನಲ್ಲಿ ಮಕ್ಕಳ ಬಾಗಿಲ ಸೇವೆಗೆ ಹೆಸರು ಕೇಳಿದಾಗ ಲವೋನಿಯಾ ಎಲ್ಲರಿಗಿಂತ ಮುಂದೆ ಓಡಿದಳು. ಎಷ್ಟು ಭಕ್ತಿಯ ಹುಡುಗಿ ಎಂದು ತಾಯಿ ಹಿಗ್ಗಿದಳು. ಹುಡುಗಿಗೆ ಬೇಕಾಗಿದ್ದದ್ದು ಬಾಗಿಲು ಮತ್ತು ಗವಸು.

ಆಮೇಲೆ ಎಲ್ಲರ ಬದುಕಿನಲ್ಲಿ ನಡೆಯುವುದೆಲ್ಲ ನಡೆಯಿತು. ಹೊಲಿಗೆ ಕಲಿತಳು. ಬಸ್ಸುಗಳ ಬ್ರೇಕು ರಿಪೇರಿ ಮಾಡುವ ಪರ್ವಿಸ್ ಟಿಬ್ಸ್‌ನನ್ನು ಮದುವೆಯಾದಳು. ಮಕ್ಕಳಾಗಲಿಲ್ಲ. ಪರ್ವಿಸ್ ಒಳ್ಳೆಯವನು, ಮಾತು ಕಡಿಮೆ, ಎದೆನೋವು ಬಂದಾಗಲೂ ಹೇಳದೆ ಹೋಗಿಬಿಟ್ಟ. ಮಡೀನಾಳ ವಿಷಯ ಲವೋನಿಯಾ ಅವನಿಗೊಮ್ಮೆ ಹೇಳಿದ್ದಳು. ಅವನು ಯೋಚಿಸಿ, "ಯಾವ ಧಾರಾವಾಹಿ? ನಾನು ನೋಡ್ಲಿಲ್ಲ. ನಮ್ಮ ಟಿವಿ ಕೆಟ್ಟಿತ್ತು" ಎಂದಿದ್ದ. ಆ ಮೇಲೆ ಆಕೆ ಯಾರಿಗೂ ಹೇಳಲಿಲ್ಲ. ಆ ಲೆಫ್ಟಿನೆಂಟ್ ನೆನಪಿರುವುದು ಭೂಮಿಯ ಮೇಲೆ ತನ್ನೊಬ್ಬಳಿಗೇ ಎಂದುಕೊಂಡಳು.

ಅದು ಸುಳ್ಳೆಂದು ತೋರಿಸಿದವಳು ತಮ್ಮನ ಮಗಳು ಡ್ರೀ. ಶಾಂಡ್ರಿಯಾ ಎಂಬುದು ಪೂರ್ತಿ ಹೆಸರು. ಕಾಲೇಜು ಮುಗಿಸಿ ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿ, ಶನಿವಾರ ಬಂತೆಂದರೆ ಸಿನಿಮಾ, ಧಾರಾವಾಹಿಗಳ ಪಾತ್ರದ ವೇಷ ಹಾಕಲೆಂದು ಕಿರೀಟ, ಕೊಂಬು, ರೆಕ್ಕೆ ಏನಾದರೊಂದು ಹೊಲಿಸಿಕೊಳ್ಳಲು ಅತ್ತೆಯ ಹತ್ತಿರ ಬರುತ್ತಿದ್ದಳು. ಒಮ್ಮೆ ರೆಕ್ಕೆಗೆ ತಂತಿ ಪೋಣಿಸುತ್ತ ಲವೋನಿಯಾ ಬಾಯಿ ತಪ್ಪಿ ಮಡೀನಾಳ ಹೆಸರೆತ್ತಿದಳು.

ಡ್ರೀ ಹೌಹಾರಿದಳು. "ಆಂಟಿ! ನಿಂಗೆ ಮಡೀನಾ ಗೊತ್ತಾ?"

"ನಿಂಗೆ ಹೇಗೆ ಗೊತ್ತು? ನಿಮ್ಮಪ್ಪನೇ ಆಗ ತೊಟ್ಟಿಲಲ್ಲಿದ್ದ."

"ಅವಳಿಗೆ ಅಭಿಮಾನಿ ಸಂಘಾನೇ ಇದೆ! ಇಲ್ಲೇ ಪಕ್ಕದ ಡೆಕೇಟರ್‌ನಲ್ಲಿ, ಪ್ರತಿ ತಿಂಗಳೂ ಸೇರ್ತಾರೆ. ನಮ್ಮೋರೇ ಎಲ್ಲ. ರೆಕ್ಕೆ ಬಿಡು, ಎದ್ದೇಳು, ಬಾ."

"ನಿಂತೇ ಇದೀನಲ್ಲೇ," ಎಂದಳು ಲವೋನಿಯಾ.

ಆ ಸಂಘ ಸೇರುತ್ತಿದ್ದದ್ದು ಒಬ್ಬ ನಿವೃತ್ತ ಅಂಚೆಯವನ ಮನೆಯ ಹಿಂಜಗುಲಿಯಲ್ಲಿ. ನಿಂಬೆ ಮೆಣಸು ಸವರಿದ ಕೋಳಿರೆಕ್ಕೆ, ಪೌಂಡ್ ಕೇಕು, ಗೋಡೆಗೆ ಬಿಳಿ ಬೆಡ್‌ಶೀಟು ಕಟ್ಟಿ ಅದರ ಮೇಲೆ ಹಳೆಯ ಕಂತು. ದಂತವೈದ್ಯೆ, ಲಾರಿ ಚಾಲಕ, ಇಬ್ಬರು ಅವಳಿ ನರ್ಸುಗಳು, ಇನ್ನೂ ಯಾರು ಯಾರೋ. ಕಪ್ಪು ಜನ ಒಟ್ಟಿಗೆ ಕೂತು ಚಿತ್ರ ನೋಡಿದರೆ ಸುಮ್ಮನೆ ನೋಡುವ ಜಾಯಮಾನವಲ್ಲ. ಪರದೆಗೆ ಬುದ್ಧಿ ಹೇಳಬೇಕು. "ಕ್ಯಾಪ್ಟನ್, ಆ ಗುಹೆಗೆ ಹೋಗ್ಬೇಡ, ನಿಂಗೆ ತಲೆ ಇದೆಯಾ?" "ಬಿಡೋ, ಬಿಳಿಯರು ಗುಹೆ ಕಂಡ್ರೆ ಬಿಡ್ತಾರಾ?" ಮಡೀನಾ ಬಾಗಿಲ ಪಕ್ಕ ಕಾಣಿಸಿದೊಡನೆ ಎಲ್ಲರೂ ಎದ್ದುನಿಂತು ಒಕ್ಕೊರಲಿನಿಂದ ಅವಳ ಮಾತನ್ನು ಹೇಳಿದರು: "ಬಾಗಿಲು ಭದ್ರ, ಕ್ಯಾಪ್ಟನ್!" ಲವೋನಿಯಾ ಮೊದಲೇ ನಿಂತಿದ್ದಳು. ಅವಳ ಬಾಯಿಂದಲೂ ಮಾತು ಹೊರಟಿತು, ಎಲ್ಲರಿಗಿಂತ ಜೋರಾಗಿ. ತನ್ನ ದನಿ ಇಷ್ಟು ದೊಡ್ಡದೆಂದು ಆಕೆಗೇ ಗೊತ್ತಿರಲಿಲ್ಲ. ಮನೆಗೆ ಹಿಂದಿರುಗುವಾಗ ಕಾರಿನಲ್ಲಿ ಒಬ್ಬಳೇ ನಗುತ್ತಿದ್ದಳು.

ಅಂದು ಒಂದೇ ವಿಷಯಕ್ಕೆ ಮನಸ್ಸು ಕೆಟ್ಟದ್ದು. ಬೆಡ್‌ಶೀಟಿನ ಮೇಲೆ ಮಡೀನಾಳ ಉಡುಪು ಕಿತ್ತಳೆ ಬಣ್ಣದ್ದಾಗಿತ್ತು. ಲವೋನಿಯಾಳ ಮನೆಯಲ್ಲಿದ್ದದ್ದು ಕಪ್ಪು ಬಿಳುಪಿನ ಟಿವಿ. ಇಷ್ಟು ವರ್ಷ ಅದು ಬೂದಿ ಬಣ್ಣವೆಂದೇ ನಂಬಿ, ಇಡೀ ಬಾಗಿಲ ಸೇವೆಗೆ ಅದನ್ನೇ ಹೊಲಿದಿದ್ದಳು.

ಸಂಘಕ್ಕೆ ಸೇರಿದ ಮೂರನೆಯ ವರ್ಷ ಸುದ್ದಿ ಬಂತು. ಸೆಪ್ಟೆಂಬರಿನ ರಜೆಯಲ್ಲಿ ಪೇಟೆಯ ದೊಡ್ಡ ಹೋಟೆಲೊಂದರಲ್ಲಿ ನಡೆಯುವ, ಅಭಿಮಾನಿಗಳು ಮೆಚ್ಚಿನ ಪಾತ್ರಗಳ ವೇಷದಲ್ಲಿ ಸೇರುವ ಸಮ್ಮೇಳನಕ್ಕೆ ಆಲ್ಥಿಯಾ ರೇನ್ಸ್‌ಫರ್ಡ್ ಬರುತ್ತಾರೆ. ಮಡೀನಾ ಆಗಿದ್ದವರು ಅವರೇ. ಎಂಬತ್ತು ದಾಟಿದೆ, ಪ್ರಯಾಣ ಬಿಟ್ಟಿದ್ದರು, ಮುಂದೆ ಬರುವ ಮಾತಿಲ್ಲ. ಅವರ ಕಾರ್ಯಕ್ರಮ ಭಾನುವಾರ ಬೆಳಿಗ್ಗೆ. ತಿಂಗಳ ಮೊದಲ ಭಾನುವಾರ, ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭುಭೋಜನದ ದಿನ. ಬಾಗಿಲ ಸೇವೆಯವರಿಗೆ ಅಂದು ಸಾಯುವುದಕ್ಕೂ ಬಿಡುವಿಲ್ಲ.

ಬಾಗಿಲ ಸೇವೆಯ ಮುಖ್ಯಸ್ಥೆ ಸಿಸ್ಟರ್ ವಿಲ್ಹೆಲ್ಮಿನಾ ಪ್ರೂಯಿಟ್. ಆ ಚರ್ಚಿನಲ್ಲಿ ಮೊಮ್ಮಕ್ಕಳನ್ನು ಕಂಡ ಹೆಂಗಸರೂ ಸಿಸ್ಟರ್‌ಗಳೇ. ವಯಸ್ಸು ಎಪ್ಪತ್ತೊಂಬತ್ತು, ಬೆನ್ನು ಈಗಲೂ ಇಸ್ತ್ರಿ ಹಾಕಿದಂತೆ. ಲವೋನಿಯಾ ಅವರ ಮನೆಗೆ ಪೀಚ್ ಕಡುಬು ತೆಗೆದುಕೊಂಡು ಹೋಗಿ, ನಿಂತುಕೊಂಡೇ ಕೇಳಿದಳು.

"ಸಿಸ್ಟರ್ ಪ್ರೂಯಿಟ್, ಮುಂದಿನ ಮೊದಲನೇ ಭಾನುವಾರ ನಂಗೆ ರಜ ಬೇಕಾಗಿತ್ತು."

"ಯಾರು ತೀರ್ಕೊಂಡ್ರು?"

"ಯಾರೂ ಇಲ್ಲ."

"ಮಂಡಿ ಆಪರೇಷನ್ನಾ?"

"ಅಲ್ಲ. ಒಂದ್ಕಡೆ ಹೋಗಿ ಕೂತ್ಕೋಬೇಕು."

ಸಿಸ್ಟರ್ ಪ್ರೂಯಿಟ್ ಕನ್ನಡಕ ತೆಗೆದು ಒರೆಸಿದರು. "ಕೂತ್ಕೊಳ್ಳಕ್ಕೆ ರಜ?"

ಬೇರೆ ದಾರಿಯಿಲ್ಲದೆ ಲವೋನಿಯಾ ಎಲ್ಲವನ್ನೂ ಹೇಳಿದಳು. ಹಿತ್ತಲಿನ ಆಟದಿಂದ ಹಿಡಿದು ಕೋಳಿರೆಕ್ಕೆಯವರೆಗೆ. ಸಿಸ್ಟರ್ ಪ್ರೂಯಿಟ್ ಕಡುಬಿನ ಮೇಲಿನ ಕಾಗದ ಎತ್ತಿ ವಾಸನೆ ನೋಡಿದರು, ಮತ್ತೆ ಮುಚ್ಚಿದರು.

"ಅರವತ್ತು ದಾಟಿದ ಹೆಂಗಸು ಆಕಾಶಯಾನದ ವೇಷ ಹಾಕ್ಕೊಂಡು ಪೀಚ್‌ಟ್ರೀ ಬೀದೀಲಿ ಮೆರವಣಿಗೆ ಹೋಗ್ತೀಯಾ. ಜನ ಏನಂತಾರೆ?"

"ಫುಟ್‌ಬಾಲ್ ಇದ್ದ ದಿನ ಪಾಸ್ಟರು ನಿಲುವಂಗಿ ಒಳಗೆ ಕೆಂಪು ಜರ್ಸಿ ಹಾಕ್ಕೊಂಡು ಪ್ರಸಂಗ ಮಾಡ್ತಾರಲ್ಲ, ಆಗ ಜನ ಏನಂತಾರೆ?"

"ಅದು ಬೇರೆ."

"ಹೇಗೆ ಬೇರೆ?"

"ಅದು ಫುಟ್‌ಬಾಲ್," ಎಂದರು ಸಿಸ್ಟರ್ ಪ್ರೂಯಿಟ್. ಆಮೇಲೆ ಕಡುಬಿನ ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡರು. "ಬಾಗಿಲ ಪಕ್ಕ ನಿಂತಿರ್ತಿದ್ಳಲ್ಲ, ಅವಳೇ ತಾನೇ? ಭಂಗಿ ಚೆನ್ನಾಗಿತ್ತು ಅವಳ್ದು. ಹೋಗು. ಆದ್ರೆ ಕೇಳಿಸ್ಕೋ, ನಾನು ಕೊಡ್ತಿರೋದು ಕೂರೋ ರಜ. ಮುಂದಿನ ಸಾಲಲ್ಲಿ ಕೂತ್ಕೊಂಡು ಕಣ್ತುಂಬ ನೋಡ್ಕೊಂಡು ಬಾ. ಅಲ್ಲೆಲ್ಲೋ ಹೋಗಿ ನಿಂತೆ ಅಂತ ಗೊತ್ತಾದ್ರೆ ನನ್ನ ಹತ್ರ ಬರ್ಬೇಡ."

ಲವೋನಿಯಾಗೆ ಬೇಕಾಗಿದ್ದದ್ದೂ ಅಷ್ಟೇ. ಒಂದು ಕುರ್ಚಿ, ಮುಂದಿನ ಸಾಲಿನಲ್ಲಿ. ಟಿವಿ ಬಿಸಿಯಾಗಲು ಕಾಯದೆ, ಆ ಮುಖವನ್ನು ಎದುರಿಗೇ ನೋಡಬೇಕು.

ಉಡುಪಿನ ವಿಷಯದಲ್ಲಿ ಡ್ರೀಗೂ ಅತ್ತೆಗೂ ದೊಡ್ಡ ವಾದವೇ ಆಯಿತು. ಡ್ರೀ ಕಿತ್ತಳೆ ಬಣ್ಣದ ಬಟ್ಟೆ ತಂದುಕೊಟ್ಟಿದ್ದಳು. ಅತ್ತೆ ಅದನ್ನು ಮಡಚಿ ಹಿಂದಕ್ಕೆ ಕೊಟ್ಟು ಬೂದಿ ಬಣ್ಣದ್ದನ್ನೇ ಹೊಲಿದಳು.

"ಆಂಟಿ, ಅಲ್ಲಿ ಎಲ್ಲಾರಿಗೂ ಗೊತ್ತು ಅದು ಕಿತ್ತಳೆ ಅಂತ. ತಪ್ಪು ಅಂತ ಮುಖಕ್ಕೇ ಹೇಳ್ತಾರೆ."

"ಹೇಳ್ಲಿ. ನಮ್ಮನೇಲಿ ಅದು ಬೂದಿ."

"ಗವಸು?"

"ಗವಸಿಗೇನು ಬರ? ಒಂದು ಡ್ರಾಯರ್ ತುಂಬ ಇದೆ."

ಭಾನುವಾರ ಬೆಳಿಗ್ಗೆ ಇಬ್ಬರೂ ಮಾರ್ಟಾ ರೈಲು ಹತ್ತಿದರು. ಪೇಟೆಯ ಹತ್ತಿರ ಬಂದಂತೆ ಡಬ್ಬಿಯಲ್ಲಿ ಬಾಲ ಇರುವವರು, ಕತ್ತಿ ಹಿಡಿದವರು, ಬೆಳ್ಳಿಬಣ್ಣ ಬಳಿದುಕೊಂಡವರು ಹೆಚ್ಚುತ್ತ ಹೋದರು. ಎದುರು ಕೂತ ಕಪ್ಪು ಹುಡುಗನೊಬ್ಬ ತಲೆಯ ಮೇಲೆ ಬಂಗಾರದ ಹಡಗು ಇಟ್ಟುಕೊಂಡಿದ್ದ. ಪಕ್ಕದಲ್ಲಿ ಅವನ ಅಜ್ಜಿ ಹಡಗಿನ ಪಟವನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಬಿಸ್ಕತ್ತು ತಿನ್ನುತ್ತಿದ್ದಳು. ಹೋಟೆಲಿನೊಳಗೆ ಕಾಲಿಟ್ಟಾಗ ಲವೋನಿಯಾ ಬಾಗಿಲಲ್ಲೇ ನಿಂತುಬಿಟ್ಟಳು. ಎಲ್ಲಿ ನೋಡಿದರೂ ನಮ್ಮವರು. ರಾಣಿಯರು, ಮಾಂತ್ರಿಕರು, ರೋಬೋಟುಗಳು, ಡ್ರ್ಯಾಗನ್ ಹಿಡಿದ ತಾಯಂದಿರು. ಫೋನು ಮಾಡಲು ಯಾರನ್ನು ಹುಡುಕುವುದು? ಎಲ್ಲರೂ ಇಲ್ಲೇ ಇದ್ದಾರೆ.

"ಆಂಟಿ, ಅದು ಕಿತ್ತಳೆ ಅಲ್ವಾ?" ಎಂದ ಒಬ್ಬ ತರುಣ.

ಆಕೆ ಉತ್ತರ ಕೊಡುವ ಮೊದಲೇ ಹಿಂದಿನಿಂದ ಒಬ್ಬ ಮುದುಕಿ ಗದರಿದಳು. "ಯಾವ ಕಿತ್ತಳೆ? ನಮ್ಮನೇಲೂ ಬೂದಿನೇ ಕಣೋ!" ಇನ್ನೊಬ್ಬಳು ಗಾಲಿಕುರ್ಚಿಯಿಂದ ಕೈಯೆತ್ತಿದಳು. "ನಮ್ಮನೇಲೂ ಅಷ್ಟೇ! ಕಿತ್ತಳೆ ಟಿವಿ ಕೊಳ್ಳಕ್ಕೆ ನಮ್ಮಪ್ಪ ಏನು ಬ್ಯಾಂಕ್ ಮ್ಯಾನೇಜರಾ?" ಮೂವರೂ ಗುರುತು ಪರಿಚಯವಿಲ್ಲದೆ ಒಬ್ಬರನ್ನೊಬ್ಬರು ತಬ್ಬಿಕೊಂಡು ಫೋಟೊ ತೆಗೆಸಿಕೊಂಡರು. ತರುಣನೇ ತೆಗೆದುಕೊಟ್ಟ.

ಹಳೆಯ ಧಾರಾವಾಹಿ, ಒಂದೇ ಮಾತಿನ ನಟಿ, ಯಾರು ಬರುತ್ತಾರೆ ಎಂದುಕೊಂಡು ವ್ಯವಸ್ಥಾಪಕರು ಆಲ್ಥಿಯಾ ಅವರಿಗೆ ಕೊಟ್ಟಿದ್ದದ್ದು ಒಂದು ಸಣ್ಣ ಕೋಣೆ. ಲವೋನಿಯಾ ಬಹಳ ಮುಂಚೆ ಬಂದು ಸಾಲಿನಲ್ಲಿ ನಿಂತಿದ್ದರಿಂದ ಮುಂದಿನ ಸಾಲಿನ ನಟ್ಟನಡುವಿನ ಕುರ್ಚಿಯೇ ಸಿಕ್ಕಿತು. ಕೂತಳು. ಡ್ರೀ ಪಕ್ಕದಲ್ಲಿ ಕೂತಳು. ವೇದಿಕೆಯ ಮೇಲಿನ ಖಾಲಿ ಆಸನ ಕೈಗೆಟಕುವಷ್ಟು ಹತ್ತಿರವಿತ್ತು. ಲವೋನಿಯಾ ಕಾಲು ಚಾಚಿದಳು. ಹೇಳಬೇಕೆಂದು ಅಡುಗೆಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಬಂದ ನಾಲ್ಕು ಮಾತನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡಳು.

ಆಗಲೇ ಹಿಂದೆ ಗದ್ದಲ ಶುರುವಾದದ್ದು. ಕೋಣೆ ತುಂಬಿತ್ತು, ಆದರೆ ಜನ ಬರುತ್ತಲೇ ಇದ್ದರು. ಮೊಗಸಾಲೆ ಈ ತುದಿಯಿಂದ ಆ ತುದಿಯವರೆಗೆ ಕಿಕ್ಕಿರಿದಿತ್ತು. ರೆಕ್ಕೆಗೆ ರೆಕ್ಕೆ ಸಿಕ್ಕಿಕೊಂಡಿತು, ಯಾರದೋ ಕೊಂಬು ಯಾರದೋ ಕಣ್ಣಿಗೆ ತಾಗಿತು, ಗಾಲಿಕುರ್ಚಿಯ ಅಜ್ಜಿ ಬಾಗಿಲಲ್ಲಿ ಸಿಕ್ಕಿಬಿದ್ದಳು. ಕೋಣೆಯಲ್ಲಿ ಮಿತಿ ಮೀರಿ ಜನ ಸೇರದಂತೆ ನೋಡಿಕೊಳ್ಳುವ ಅಗ್ನಿಶಾಮಕದ ಅಧಿಕಾರಿ ಗೋಡೆಯ ಪಕ್ಕ ನಿಂತು ಗಡಿಯಾರ ನೋಡುತ್ತಿದ್ದ. ಕೋಣೆಯ ಉಸ್ತುವಾರಿ ರಾಡ್ರಿಕ್ ಎಂಬ ದಪ್ಪ ಮನುಷ್ಯ ಕುರ್ಚಿ ಹತ್ತಿ ಕೂಗಿದ: "ಹಿಂದೆ ಸರೀರಿ! ಇಲ್ದಿದ್ರೆ ಕಾರ್ಯಕ್ರಮಾನೇ ರದ್ದು ಮಾಡ್ತಾರಂತೆ!" ರದ್ದು ಎಂದದ್ದೇ ತಪ್ಪಾಯಿತು. ಹಿಂದಿದ್ದವರು ಹೆದರಿ ಇನ್ನೂ ಜೋರಾಗಿ ನುಗ್ಗಿದರು.

ಲವೋನಿಯಾ ಎದ್ದಳು. ಏಳಬೇಕೆಂದು ಎದ್ದದ್ದಲ್ಲ. ಬೆನ್ನ ಹಿಂದೆ ಜನ ಹೀಗೆ ನುಗ್ಗಿದರೆ ಅವಳ ಕಾಲು ಅವಳನ್ನು ಕೇಳುವುದಿಲ್ಲ. ವೇದಿಕೆಗೆ ಬೆನ್ನು ಮಾಡಿ ತಿರುಗಿದಳು. ಎಡಗೈ ಮುಷ್ಟಿಯಾಗಿ ಬೆನ್ನ ಹಿಂದೆ ಹೋಯಿತು. ಬಲಗೈ ಮೇಲೆದ್ದಿತು, ಬಿಳಿ ಗವಸಿನ ಅಂಗೈ ಜನರ ಕಡೆಗೆ.

ಬೂದಿ ಬಣ್ಣದ ಉಡುಪು, ಬಿಳಿ ಗವಸು, ಬೆನ್ನ ಹಿಂದಿನ ಮುಷ್ಟಿ. ಅವಳು ಲೆಫ್ಟಿನೆಂಟ್ ಮಡೀನಾ ಎಂದು ಆ ಗಳಿಗೆಯಲ್ಲಿ ಯಾರಿಗೂ ಅನ್ನಿಸಲಿಲ್ಲ. ಮಾಂತ್ರಿಕರು ನಿಂತರು. ರೋಬೋಟುಗಳು ನಿಂತವು. ಸಾವಿನ ದೇವತೆಯೊಬ್ಬ ಬಾಯಲ್ಲಿದ್ದ ಗಮ್ಮನ್ನು ಗುಳುಕ್ಕೆಂದು ನುಂಗಿದ. ಬಾಗಿಲಲ್ಲಿ ಟೋಪಿ ಹಾಕಿಕೊಂಡಿದ್ದ ಗಂಡಸರೆಲ್ಲ ತಮಗೇ ತಿಳಿಯದಂತೆ ಟೋಪಿ ತೆಗೆದರು. ಮೊಗಸಾಲೆಯ ಕೊನೆಯವರೆಗೂ ಸದ್ದಡಗಿತು. ಬೆಳ್ಳಿಬಣ್ಣದ ಬಿಳಿಯ ದಂಪತಿಗಳಿಬ್ಬರು ಏನಾಯಿತೆಂದು ಅರ್ಥವಾಗದೆ, ಎಲ್ಲರೂ ನಿಂತದ್ದಕ್ಕೆ ತಾವೂ ನಿಂತರು.

ರಾಡ್ರಿಕ್ ಕುರ್ಚಿಯಿಂದಿಳಿದು, ಬೆರಳೊಂದನ್ನು ಮೇಲೆತ್ತಿಕೊಂಡು, ಬೆನ್ನು ಬಗ್ಗಿಸಿ, ಪ್ರಸಂಗದ ನಡುವೆ ಎದ್ದುಹೋಗುವವರಂತೆ ಮೆಲ್ಲಗೆ ಅವಳ ಹತ್ತಿರ ಬಂದ.

"ಮ್ಯಾಮ್," ಎಂದು ಪಿಸುಗುಟ್ಟಿದ. "ಮಿಸ್ ರೇನ್ಸ್‌ಫರ್ಡ್ ಅವರೂ ನಿಂತ್ಬಿಟ್ಟಿದಾರೆ. ವೇದಿಕೆ ಪಕ್ಕದ ಬಾಗ್ಲಲ್ಲಿ. ನೀವು ಕೈ ಇಳಿಸೋವರೆಗೂ ಒಳಗೆ ಬರಲ್ಲ ಅಂತಿದಾರೆ."

ಐವತ್ತಕ್ಕೂ ಹೆಚ್ಚು ವರ್ಷ ಕಾದವಳು, ಬಂದವರನ್ನು ತಾನೇ ಹೊಸ್ತಿಲಲ್ಲಿ ತಡೆದು ನಿಲ್ಲಿಸಿದ್ದಳು. ಆದರೆ ಎತ್ತಿದ ಕೈಯನ್ನು ದಡಕ್ಕನೆ ಇಳಿಸುವುದು ಕ್ರಮವಲ್ಲ. ಎದುರಿಗಿರುವ ಜನರಿಂದ ಕಣ್ಣು ತೆಗೆಯುವಂತೆಯೂ ಇಲ್ಲ, ತೆಗೆದರೆ ಮತ್ತೆ ನುಗ್ಗುತ್ತಾರೆ. ತಿರುಗದೆಯೇ ಬಲಗೈಯನ್ನು ನಿಧಾನವಾಗಿ ಪಕ್ಕಕ್ಕೆ ಬೀಸಿ, ದಯಮಾಡಿಸಿ ಎಂದು ಸನ್ನೆ ಮಾಡಿದಳು. ಹಿಂದೆ ಕೋಲೂರುವ ಸದ್ದು, ರೇಷ್ಮೆಯ ಸರಪರ, ಆಸನ ಕಿರುಗುಟ್ಟಿದ್ದು ಕೇಳಿಸಿತು. ಇಡೀ ಕೋಣೆ ಮಡೀನಾಳನ್ನು ನೋಡುತ್ತಿತ್ತು. ಲವೋನಿಯಾ ಕೋಣೆಯನ್ನು ನೋಡುತ್ತಿದ್ದಳು.

"ನಮ್ಮಜ್ಜಿ ಬಾಗಿಲ ಸೇವೇಲಿದ್ರು ಮ್ಯಾಮ್, ಅದಕ್ಕೇ ನಿಮ್ಮನ್ನ ಕೇಳ್ತಿದೀನಿ," ಎಂದ ರಾಡ್ರಿಕ್. "ನೀವು ಆ ಬಾಗಿಲು ನೋಡ್ಕೊಂಡ್ರೆ ಕಾರ್ಯಕ್ರಮ ನಡೆಯುತ್ತೆ ಅಂತ ಆ ಅಧಿಕಾರಿ ಒಪ್ಕೊಂಡಿದಾರೆ. ಇಲ್ಲಾಂದ್ರೆ ಎಲ್ರೂ ಮನೆಗೆ."

ಡ್ರೀ ಅತ್ತೆಯ ತೋಳು ಹಿಡಿದಳು. "ಬೇಡ ಆಂಟಿ. ಕೂತ್ಕೋ. ಬೇರೆ ಯಾರಾದ್ರೂ ಮಾಡ್ತಾರೆ."

"ಯಾರು ಮಾಡ್ತಾರೆ, ಆ ಕೊಂಬಿನವನಾ?" ಎಂದು ಲವೋನಿಯಾ ತೋಳು ಬಿಡಿಸಿಕೊಂಡಳು. ಗಾಲಿಕುರ್ಚಿಯ ಅಜ್ಜಿಗೆ ಬೆರಳೆತ್ತಿ ತೋರಿಸಿದಳು: ಇಲ್ಲೊಂದು ಜಾಗ ಖಾಲಿ ಇದೆ. ಅಜ್ಜಿಯ ಗಾಲಿಕುರ್ಚಿಗೆ ಎಡೆಯಾಗಲೆಂದು ತನ್ನ ಕುರ್ಚಿಯನ್ನು ತಾನೇ ಎತ್ತಿ ಬದಿಗಿಟ್ಟಳು.

ಮುಂದಿನ ಹೊತ್ತೆಲ್ಲ ಆಕೆ ಬಾಗಿಲಲ್ಲಿದ್ದಳು, ಮುಖ ಮೊಗಸಾಲೆಗೆ, ಬೆನ್ನು ವೇದಿಕೆಗೆ. ಗೋಡೆಗುಂಟ ಎಷ್ಟು ಜನ ಹಿಡಿಯುತ್ತಾರೋ ಅಷ್ಟನ್ನು ಒಳಗೆ ಬಿಟ್ಟಳು. ಉಳಿದವರನ್ನು ಮೊಗಸಾಲೆಯ ನೆಲದ ಮೇಲೆ ಸಾಲಾಗಿ ಕೂರಿಸಿ ಬಾಗಿಲನ್ನು ತೆರೆದಿಟ್ಟಳು. ರೆಕ್ಕೆ ಇದ್ದವರು ಹಿಂದೆ, ಮಕ್ಕಳು ಮುಂದೆ. ಕೆಮ್ಮಿದವರಿಗೆ ಜೇಬಿನಿಂದ ಪುದೀನಾ ಪೆಪ್ಪರ್‌ಮಿಂಟು. ಒಬ್ಬನೂ ಎದುರಾಡಲಿಲ್ಲ. ಮಡೀನಾಳ ದನಿ ಮಾತ್ರ ಬೆನ್ನಿಗೆ ಕೇಳಿಸುತ್ತಿತ್ತು. ವಯಸ್ಸಾಗಿ ಒಡೆದ ದನಿ, ಆದರೆ ಅದೇ.

ಯಾರೋ ಕೇಳಿದರು, ಆ ದಿನಗಳದ್ದು ಏನು ನೆನಪಿದೆ ಎಂದು.

"ಬಾಗಿಲು," ಎಂದರು ಆಲ್ಥಿಯಾ ರೇನ್ಸ್‌ಫರ್ಡ್. ಜನ ನಕ್ಕರು. "ನಗ್ಬೇಡಿ. ಪ್ಲೈವುಡ್ ಬಾಗಿಲು, ಬೆಳ್ಳಿ ಬಣ್ಣ ಬಳಿದಿದ್ರು, ಹಿಂದೆ ಒಬ್ಬ ಹಗ್ಗ ಹಿಡ್ಕೊಂಡು ಎಳೀತಿದ್ದ. ನಾನು ನಾಟಕಶಾಲೇಲಿ ಓದಿ ಬಂದವಳು. ವಾರ ವಾರ ಅದೇ ಒಂದು ಮಾತು. ಇನ್ನೊಂದು ಮಾತು ಕೊಡಿ ಅಂತ ನಿರ್ದೇಶಕರನ್ನ ಕೇಳ್ದೆ. ಜನ ನೋಡೋದು ಬಾಗಿಲನ್ನ ತಾನೇ, ನಿನ್ನನ್ನ ಯಾರು ನೋಡ್ತಾರೆ ಅಂದ್ರು. ನಂಗೆ ಆ ಬಾಗಿಲು ಕಂಡ್ರೆ ಆಗ್ತಿರ್ಲಿಲ್ಲ."

ಲವೋನಿಯಾಳ ಮುಷ್ಟಿ ಬೆನ್ನ ಹಿಂದೆ ಇನ್ನಷ್ಟು ಬಿಗಿಯಾಯಿತು. ತನ್ನ ಇಡೀ ಬದುಕನ್ನು ನೆಟ್ಟಗೆ ನಿಲ್ಲಿಸಿದ ಆ ಬಾಗಿಲು ಮಡೀನಾಗೆ ಬೇಡವಾಗಿತ್ತು. ಸಿಟ್ಟು ಬರಬಹುದಾಗಿತ್ತು, ಅಳು ಬರಬಹುದಾಗಿತ್ತು. ಮೊಗಸಾಲೆಯಲ್ಲಿ ಒಂದು ಪುಟ್ಟ ಡ್ರ್ಯಾಗನ್ ಎದ್ದು ಓಡಲು ನೋಡುತ್ತಿದ್ದರಿಂದ ಎರಡಕ್ಕೂ ಪುರಸೊತ್ತಾಗಲಿಲ್ಲ.

ಕಾರ್ಯಕ್ರಮ ಮುಗಿಯಿತು. ಚಪ್ಪಾಳೆ ನಿಲ್ಲುವಂತೆಯೇ ಕಾಣಲಿಲ್ಲ. ಆಲ್ಥಿಯಾ ಅವರು ಪಕ್ಕದ ಬಾಗಿಲನ್ನು ಬಿಟ್ಟು, ಕೋಲೂರಿಕೊಂಡು, ಜನರ ನಡುವಿನ ದಾರಿಯಲ್ಲಿ ನೇರ ಲವೋನಿಯಾಳ ಬಾಗಿಲಿಗೇ ಬಂದರು. ಸಣ್ಣ ಹೆಂಗಸು. ಟಿವಿಯಲ್ಲಿ ಎಷ್ಟು ಎತ್ತರವಿದ್ದರು.

"ಕೈ ಎತ್ತಿದ್ದು ನೀನೇನಾ?"

"ಹೌದು, ಮ್ಯಾಮ್. ತಪ್ಪಾಯ್ತು. ನೀವು ಬಂದಿದ್ದು ನೋಡ್ಲಿಲ್ಲ."

"ನಮ್ಮಮ್ಮ ಬರ್ಮಿಂಗ್‌ಹ್ಯಾಮ್‌ನಲ್ಲಿ ಬಾಗಿಲ ಸೇವೇಲಿದ್ರು. ನಿನ್ನ ಕೈ ನೋಡಿದ ತಕ್ಷಣ ನನ್ನ ಕಾಲು ನಿಂತ್ಹೋಯ್ತು. ಈ ವಯಸ್ಸಲ್ಲೂ ಎಲ್ಲಿ ಕಿವಿ ಹಿಂಡ್ತಾರೋ ಅಂತ ಭಯ." ಅವರು ಲವೋನಿಯಾಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಭುಜದ ಮೇಲಿನ ಪಟ್ಟಿಯ ಮೇಲೆ ಅವರ ಕಣ್ಣು ನಿಂತಿತು. "ಇದು ನನ್ನ ಉಡುಪಲ್ವಾ? ಇದ್ಯಾಕೆ ಬೂದಿ ಬಣ್ಣ?"

"ನಮ್ಮ ಟಿವಿಲಿ ಹೀಗೇ ಇತ್ತು."

ಆಲ್ಥಿಯಾ ನಕ್ಕರು, ಕೆಮ್ಮು ಬರುವಷ್ಟು. ಲವೋನಿಯಾ ಪೆಪ್ಪರ್‌ಮಿಂಟು ಕೊಟ್ಟಳು. ಅವರು ಬಾಯಿಗೆ ಹಾಕಿಕೊಂಡು, "ಆ ಕಿತ್ತಳೆ ನನ್ನ ಮೈಬಣ್ಣಕ್ಕೆ ಒಪ್ಪುತ್ತಲೇ ಇರ್ಲಿಲ್ಲ. ಇದು ವಾಸಿ," ಎಂದರು. ಆಮೇಲೆ, "ನಾನು ಬಾಗಿಲ ವಿಷಯ ಹೇಳಿದ್ದು ಕೇಳಿಸ್ತಾ? ಬೇಜಾರಾಯ್ತಾ?"

ಅಡುಗೆಮನೆಯಲ್ಲಿ ಕಟ್ಟಿಕೊಂಡಿದ್ದ ನಾಲ್ಕು ಮಾತು ಎಲ್ಲೋ ಹೋಗಿದ್ದವು. ಲವೋನಿಯಾ ಎಡಗೈಯನ್ನು ಬೆನ್ನ ಹಿಂದಿನಿಂದ ತೆಗೆಯಲಿಲ್ಲ.

"ಆ ನಿರ್ದೇಶಕರಿಗೆ ಗೊತ್ತಿರ್ಲಿಲ್ಲ, ಮ್ಯಾಮ್," ಎಂದಳು. "ನಮ್ಮ ಬೀದೀಲಿ ಬಾಗಿಲನ್ನ ಯಾರೂ ನೋಡ್ತಿರ್ಲಿಲ್ಲ."

ಆಲ್ಥಿಯಾ ಪೆಪ್ಪರ್‌ಮಿಂಟನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಸರಿಸಿದರು. ಕೋಲನ್ನು ಎಡಗೈಗೆ ಬದಲಾಯಿಸಿಕೊಂಡು, ಬೆನ್ನು ಎಷ್ಟು ನೆಟ್ಟಗಾಗುತ್ತದೋ ಅಷ್ಟು ನೆಟ್ಟಗೆ ಮಾಡಿ, ಹೋಗಲು ಅಪ್ಪಣೆ ಕೇಳುವವರಂತೆ ಒಂದು ಬೆರಳೆತ್ತಿದರು. ಲವೋನಿಯಾ ಕೈ ಬೀಸಿ ದಾರಿ ಕೊಟ್ಟಳು. ಮೊಗಸಾಲೆಯಲ್ಲಿ ಕೂತಿದ್ದವರೆಲ್ಲ ಎದ್ದು 'ಬಾಗಿಲು ಭದ್ರ' ಎಂದು ಕೂಗುತ್ತಿದ್ದರು. ಒಂದೇ ಮಾತು, ಎಷ್ಟೊಂದು ಬಾಯಿ.

ಮುಂದಿನ ಭಾನುವಾರ ಚರ್ಚಿಗೆ ಹೋದಾಗ ಸಿಸ್ಟರ್ ಪ್ರೂಯಿಟ್ ಮೆಟ್ಟಿಲಲ್ಲೇ ಕಾಯುತ್ತಿದ್ದರು. ಕೈಯಲ್ಲಿ ಮೊಮ್ಮಗಳ ಫೋನು. ಪರದೆಯ ಮೇಲೆ ಅಂಗೈ ಎತ್ತಿ ನಿಂತ ಲವೋನಿಯಾ. ಎದುರಿಗೆ ಗಡಗಡ ನಡುಗುವಂತೆ ನಿಂತ ಸಾವಿನ ದೇವತೆ. ಆ ಫೋಟೊ ಊರೆಲ್ಲ ಸುತ್ತಿ ಬಂದಿತ್ತು.

"ಕೂತ್ಯಾ?"

"ಸ್ವಲ್ಪ ಹೊತ್ತು ಕೂತಿದ್ದೆ, ಸಿಸ್ಟರ್."

"ಮುಷ್ಟಿ ಸರಿಯಾಗಿದೆ. ಮೊಣಕೈ ಜೋತಿದೆ," ಎಂದರು ಸಿಸ್ಟರ್ ಪ್ರೂಯಿಟ್. "ನಾನು ಕೊಟ್ಟಿದ್ದು ಕೂರೋ ರಜ. ಅದನ್ನ ನೀನು ಹಾಳು ಮಾಡ್ಕೊಂಡೆ. ಇವತ್ತು ನಿನ್ನ ಬಾಗ್ಲಿಗೆ ನಾನು ನಿಲ್ತೀನಿ. ಹೋಗಿ ಕೂತ್ಕೋ."

"ಆದ್ರೆ ಸಿಸ್ಟರ್..."

ಬಿಳಿ ಗವಸಿನ ಅಂಗೈ ಮೇಲೆದ್ದಿತು. ಲವೋನಿಯಾ ಬಾಯಿ ಮುಚ್ಚಿಕೊಂಡು ಒಳಗೆ ಹೋಗಿ, ಡ್ರೀ ಪಕ್ಕದಲ್ಲಿ, ಬೆಂಚಿನ ಮೇಲೆ ಕೂತಳು. ಹಾಡು ಶುರುವಾಯಿತು. ಪ್ರಾರ್ಥನೆಯೂ ಮುಗಿಯಿತು. ಆಕೆ ಒಮ್ಮೆ ಎಡಕ್ಕೆ ಸರಿದಳು, ಒಮ್ಮೆ ಬಲಕ್ಕೆ. ಕೊನೆಗೆ ಡ್ರೀಯ ಕಿವಿಯ ಹತ್ತಿರ ಬಗ್ಗಿದಳು.

"ಈ ಬೆಂಚು ಇಷ್ಟು ಗಟ್ಟಿ ಇದೆ ಅಂತ ಇಷ್ಟು ವರ್ಷ ಯಾರೂ ಹೇಳ್ಲೇ ಇಲ್ವಲ್ಲೇ."

ಬಾಗಿಲ ಕಡೆಯಿಂದ ಸಿಸ್ಟರ್ ಪ್ರೂಯಿಟ್ ಕೆಮ್ಮಿದರು. ಇಬ್ಬರೂ ತುಟಿ ಹೊಲಿದುಕೊಂಡು ಮುಂದಕ್ಕೆ ನೋಡಿದರು.